ಮೂರು ಪುಟದ ಪೇಪರು, ಅದನ್ನ ಸೈಟ್ ಮಾಡಿದೋರು, ಮರೆತೋರು

ಪ್ಲಾಂಟ್ ಮಾಲಿಕ್ಯುಲರ್ ಬಯಾಲಜಿಲಿ ಒಬ್ಬ ವಿಜ್ಞಾನಿ ಎಷ್ಟು ದೊಡ್ಡೋರು ಅಂತ ತಿಳ್ಕೋಬೇಕಾದ್ರೆ ಈಗ ಎಲ್ರೂ ಮೊದಲು ಮಾಡೋ ಕೆಲಸ ಗೂಗಲ್ ಸ್ಕಾಲರ್ ತೆಗೆದು ಹೆಸರು ಹಾಕೋದು. ಸೈಟೇಶನ್ (ಅಂದ್ರೆ ಬೇರೆ ಪೇಪರ್‌ಗಳು ಇವರದನ್ನ ಎಷ್ಟು ಸಲ ಉಲ್ಲೇಖಿಸಿವೆ ಅನ್ನೋದು) ಇಷ್ಟು, ಎಚ್-ಇಂಡೆಕ್ಸ್ ಇಷ್ಟು ಅಂತ ಒಂದು ಮೂಲೇಲಿ ಬರುತ್ತೆ, ಅಷ್ಟು ನೋಡಿ ಮುಚ್ಚಿಬಿಡ್ತಾರೆ, ಪೇಪರ್ ಯಾವುದು, ಅದರಲ್ಲಿ ಏನಿದೆ, ಬೇರೆಯವರು ಅದನ್ನ ಯಾವ ಕಾರಣಕ್ಕೆ ಸೈಟ್ ಮಾಡಿದ್ರು ಅಂತ ಯಾರೂ ಒಳಗೆ ಹೋಗಿ ನೋಡಲ್ಲ. ನನಗೆ ಇದು ತುಂಬಾ ಬೇಜಾರು ತರಿಸೋ ವಿಷಯ. ಅದಕ್ಕೇ ಇವತ್ತು ಡೇವಿಡ್ ಬಾಲ್‌ಕೋಂಬ್ ಅವರ ಪೇಪರ್‌ಗಳ ಬಗ್ಗೆ ಬರೀತಿದ್ದೀನಿ, ಯಾಕಂದ್ರೆ ಆ ನಂಬರ್ ಏನು ಹೇಳುತ್ತೆ, ಏನನ್ನ ಹೇಳೋಕೇ ಆಗಲ್ಲ ಅನ್ನೋದಕ್ಕೆ ಇವರ ಕಥೆಗಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ.

ಬಾಲ್‌ಕೋಂಬ್ ಇಂಗ್ಲೆಂಡಿನವರು, ಹುಟ್ಟಿದ್ದು 1952. ಲೀಡ್ಸ್‌ನಲ್ಲಿ ಬಾಟನಿ ಓದಿ, ಎಡಿನ್‌ಬರೋದಲ್ಲಿ ಪಿಎಚ್‌ಡಿ ಮಾಡಿ, 1988ರಿಂದ ನಾರ್ವಿಚ್‌ನ ಸೇನ್ಸ್‌ಬರಿ ಲ್ಯಾಬೊರೇಟರಿಲಿ ಇದ್ದರು, 2007ರಲ್ಲಿ ಕೇಂಬ್ರಿಡ್ಜ್‌ಗೆ ಬಾಟನಿ ಪ್ರೊಫೆಸರ್ ಆಗಿ ಹೋದರು. ಮೊದಲಿಂದಲೂ ಅವರ ಕೆಲಸ ಗಿಡಗಳ ವೈರಸ್ ಮೇಲೆ, ಅದರಲ್ಲೂ ಆಲೂಗಡ್ಡೆಗೆ ಬರೋ ಪಿವಿಎಕ್ಸ್ ಅನ್ನೋ ವೈರಸ್ ಮೇಲೆ. ವೈರಸ್ ಬಂದರೂ ಗಿಡ ತಡ್ಕೊಳ್ಳೋ ಹಾಗೆ ಮಾಡೋದು ಹೇಗೆ ಅನ್ನೋ ಪಕ್ಕಾ ಬೇಸಾಯದ ಪ್ರಶ್ನೆ ಅದು, ಅಲ್ಲಿಂದ ಹೊರಟೋರು ಇಡೀ ಬಯಾಲಜಿಗೆ ಬೇಕಾದ ಜಾಗಕ್ಕೆ ಬಂದು ನಿಂತರು.

ಅವರ ಪೇಪರ್‌ಗೆ ಬರೋ ಮುಂಚೆ ಸ್ವಲ್ಪ ಹಿಂದಿನದ್ದು ಹೇಳಲೇಬೇಕು. 1990ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರಿಚರ್ಡ್ ಜೋರ್ಗೆನ್ಸನ್ ತಂಡದವರು ಪೆಟೂನಿಯಾ ಹೂವಿನ ನೇರಳೆ ಬಣ್ಣ ಇನ್ನೂ ಗಾಢ ಮಾಡೋಣ ಅಂತ ಬಣ್ಣ ತಯಾರಿಸೋ ಚಾಲ್ಕೋನ್ ಸಿಂಥೇಸ್ ಜೀನ್‌ನ ಇನ್ನೊಂದು ಕಾಪಿನ ಗಿಡದೊಳಗೆ ಹಾಕಿದ್ರು. ಬಣ್ಣ ಜಾಸ್ತಿ ಆಗೋದಿರಲಿ, ಕೆಲವು ಗಿಡಗಳಲ್ಲಿ ಹೂವು ಪೂರ್ತಿ ಬೆಳ್ಳಗೆ ಬಂತು, ಕೆಲವದರಲ್ಲಿ ಪಟ್ಟೆ ಪಟ್ಟೆ. ಹೊರಗಿಂದ ಹಾಕಿದ ಜೀನ್ ತಾನೂ ಕೆಲಸ ಮಾಡ್ಲಿಲ್ಲ, ಗಿಡದಲ್ಲಿ ಮೊದಲೇ ಇದ್ದ ಜೀನ್‌ನೂ ಸುಮ್ಮನಾಗಿಸ್ತು. ಅದೇ ವರ್ಷ ನೆದರ್ಲೆಂಡ್ಸ್‌ನ ತಂಡದವರೂ ಇಂಥದ್ದೇ ರಿಸಲ್ಟ್ ಪಬ್ಲಿಷ್ ಮಾಡಿದ್ರು. 1992ರಲ್ಲಿ ಅಮೆರಿಕದ ವಿಲಿಯಂ ಡೋಹರ್ಟಿ ಲ್ಯಾಬಿನವರು ತಂಬಾಕು ಗಿಡಕ್ಕೆ ವೈರಸ್‌ನ ಕೋಟ್ ಪ್ರೋಟೀನ್ (ಹೊರಕವಚದ ಪ್ರೋಟೀನ್) ಜೀನ್‌ನ ಪ್ರೋಟೀನೇ ತಯಾರಾಗದ ಹಾಗೆ ಬದಲಾಯಿಸಿ ಹಾಕಿದ್ರೂ ಗಿಡಕ್ಕೆ ರೋಗನಿರೋಧಕ ಶಕ್ತಿ ಬರುತ್ತೆ ಅಂತ ತೋರಿಸಿದ್ರು, ಅಂದ್ರೆ ಕಾಪಾಡ್ತಿರೋದು ಪ್ರೋಟೀನ್ ಅಲ್ಲ, ಜೀನ್‌ನ ಸಂದೇಶ ಹೊರೋ ಆರ್‌ಎನ್‌ಎ ಮಟ್ಟದಲ್ಲೇ ಏನೋ ನಡೀತಿದೆ. ಏನು ಅಂತ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಇನ್ನೂ ಹಿಂದೆ ಹೋದ್ರೆ 1928ರಲ್ಲಿ ವಿನ್‌ಗಾರ್ಡ್ ಅನ್ನೋರು ರಿಂಗ್‌ಸ್ಪಾಟ್ ವೈರಸ್ ಬಂದ ತಂಬಾಕು ಗಿಡ ನೋಡಿ ಬರೆದಿದ್ರು, ಕೆಳಗಿನ ಎಲೆಗಳೆಲ್ಲ ರೋಗ ಬಂದು ಉಂಗುರ ಉಂಗುರ ಆಗಿವೆ, ಆದ್ರೆ ಮೇಲೆ ಹೊಸದಾಗಿ ಬಂದ ಎಲೆ ಪೂರ್ತಿ ಆರೋಗ್ಯವಾಗಿದೆ, ಅದಕ್ಕೆ ಮತ್ತೆ ಅದೇ ವೈರಸ್ ಹಚ್ಚಿದ್ರೂ ರೋಗ ಬರಲ್ಲ ಅಂತ. ಗಿಡಕ್ಕೆ ರಕ್ತ ಇಲ್ಲ, ನಮ್ಮ ಥರ ಆಂಟಿಬಾಡಿ ಇಲ್ಲ, ಹಾಗಾದ್ರೆ ಮೇಲಿನ ಎಲೆಗೆ ವಿಷಯ ಹೇಗೆ ಗೊತ್ತಾಯ್ತು? ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಗೋಕೆ ಹತ್ತಿರ ಹತ್ತಿರ 70 ವರ್ಷ ಬೇಕಾಯ್ತು. ಇವತ್ತಿನ ಲೆಕ್ಕದಲ್ಲಿ ವಿನ್‌ಗಾರ್ಡ್‌ರನ್ನ ಎರಡು ವರ್ಷದ ಸೈಟೇಶನ್ ನೋಡಿ ಅಳೆದಿದ್ರೆ ಏನು ಸಿಗ್ತಿತ್ತು ಅಂತ ಯೋಚನೆ ಮಾಡಿ.

1997ರಲ್ಲಿ ಬಾಲ್‌ಕೋಂಬ್ ಲ್ಯಾಬಿಂದ ಎರಡು ಪೇಪರ್ ಬಂತು. ಒಂದು ಸೈನ್ಸ್ ಪತ್ರಿಕೇಲಿ, ಅದರಲ್ಲಿ ಈ ರೋಗದಿಂದ ಚೇತರಿಸಿಕೊಳ್ಳೋದೂ, ಪೆಟೂನಿಯಾದಲ್ಲಿ ಕಂಡ ಜೀನ್ ಸೈಲೆನ್ಸಿಂಗೂ ಒಂದೇ ಥರದ್ದು ಅಂತ ತೋರಿಸಿದ್ರು. ಇನ್ನೊಂದು ನೇಚರ್‌ನಲ್ಲಿ, ಒಲಿವಿಯೆ ವೊಯಿನೆ ಜೊತೆ ಬರೆದಿದ್ದು. ನನಗೆ ಈ ಪ್ರಯೋಗ ಅಂದ್ರೆ ಈಗಲೂ ಪ್ರಾಣ. ಹಸಿರು ಹೊಳೆಯೋ ಜಿಎಫ್‌ಪಿ ಪ್ರೋಟೀನ್ ಇರೋ ತಂಬಾಕು ಜಾತಿಯ ಗಿಡದ ಕೆಳಗಿನ ಎಲೆಗೆ ಜಿಎಫ್‌ಪಿ ಜೀನ್ ಇರೋ ಬ್ಯಾಕ್ಟೀರಿಯಾ ಹಾಕ್ತಾರೆ, ಸ್ವಲ್ಪ ದಿನ ಬಿಟ್ಟು ಯುವಿ ಲೈಟಲ್ಲಿ ನೋಡಿದ್ರೆ ಬ್ಯಾಕ್ಟೀರಿಯಾ ಮುಟ್ಟದೇ ಇರೋ ಮೇಲಿನ ಎಲೆಗಳಲ್ಲಿ ನರದ ಗುಂಟ ಹಸಿರು ಹೋಗಿ ಕ್ಲೋರೋಫಿಲ್‌ನ ಕೆಂಪು ಕಾಣೋಕೆ ಶುರುವಾಗುತ್ತೆ. ಸೈಲೆನ್ಸಿಂಗ್ ಗಿಡದೊಳಗೆ ಓಡಾಡ್ತಿದೆ ಅಂತ ಕಣ್ಣಿಗೇ ಕಾಣುತ್ತೆ. ಅದೇ ವರ್ಷ ಫ್ರಾನ್ಸಿನವರು ಕಸಿ ಕಟ್ಟಿದ ಗಿಡದಲ್ಲಿ ಬುಡದಿಂದ ಕಸಿ ಕಡ್ಡಿಗೆ ಸೈಲೆನ್ಸಿಂಗ್ ಹತ್ತುತ್ತೆ ಅಂತಲೂ ತೋರಿಸಿದ್ರು.

ಈಗ ಲಾಜಿಕ್ ನೋಡಿ. ಇಷ್ಟು ಕರಾರುವಾಕ್ಕಾಗಿ ಒಂದೇ ಒಂದು ಜೀನ್‌ನ ಗುರುತು ಹಿಡಿದು ಸುಮ್ಮನಾಗಿಸ್ತಿದೆ ಅಂದ್ರೆ ಆ ಸಂದೇಶದಲ್ಲಿ ಜೀನ್‌ನ ಸೀಕ್ವೆನ್ಸ್ ಇರಲೇಬೇಕು, ಅಂದ್ರೆ ಅದು ಡಿಎನ್‌ಎ ಅಥವಾ ಆರ್‌ಎನ್‌ಎ. ಜೀವಕೋಶದಿಂದ ಜೀವಕೋಶಕ್ಕೆ ದಾಟಿ ಹೋಗ್ತಿದೆ ಅಂದ್ರೆ ತುಂಬಾ ಉದ್ದ ಇರೋ ಸಾಧ್ಯತೆ ಕಡಿಮೆ. ಆದ್ರೆ ಸೈಲೆನ್ಸಿಂಗ್ ಆದ ಗಿಡದಲ್ಲಿ ಅಷ್ಟು ಚಿಕ್ಕ ಆರ್‌ಎನ್‌ಎನ ಅದುವರೆಗೂ ಯಾರೂ ಕಂಡಿರಲಿಲ್ಲ, ಕಾರಣ ಏನಂದ್ರೆ ನಾರ್ದರ್ನ್ ಬ್ಲಾಟ್‌ಗೆ (ಆರ್‌ಎನ್‌ಎನ ಸೈಜಿನ ಪ್ರಕಾರ ಬೇರ್ಪಡಿಸಿ ಗುರುತು ಹಿಡಿಯೋ ವಿಧಾನ) ಎಲ್ರೂ ಮಾಮೂಲಿಯಾಗಿ ಹಾಕೋ ಅಗರೋಸ್ ಜೆಲ್‌ನಲ್ಲಿ ಚಿಕ್ಕ ತುಂಡುಗಳು ಕೆಳಗಿಂದ ಓಡಿ ಬಫರ್‌ಗೆ ಹೋಗಿಬಿಡ್ತವೆ. ಲ್ಯಾಬಲ್ಲಿ ಜೆಲ್ ಓಡಿಸಿದೋರಿಗೆ ಇದು ತಕ್ಷಣ ಗೊತ್ತಾಗುತ್ತೆ, ಡೈ ಫ್ರಂಟ್ (ಜೊತೆಗೆ ಓಡೋ ಬಣ್ಣದ ಗೆರೆ) ಜೆಲ್ ಕೊನೆ ಮುಟ್ಟೋವರೆಗೂ ಕಾದು ನಿಲ್ಲಿಸಿದ್ರೆ ಅದಕ್ಕಿಂತ ಮುಂದೆ ಓಡೋದೆಲ್ಲ ಹೋದಂಗೇ ಲೆಕ್ಕ.

ಆಂಡ್ರ್ಯೂ ಹ್ಯಾಮಿಲ್ಟನ್ ಮತ್ತು ಬಾಲ್‌ಕೋಂಬ್ ಚಿಕ್ಕ ತುಂಡುಗಳನ್ನೇ ಹುಡುಕಿಕೊಂಡು ಹೋದರು. 1999ರ ಅಕ್ಟೋಬರ್‌ನಲ್ಲಿ ಸೈನ್ಸ್‌ನಲ್ಲಿ ಬಂದ ಆ ಪೇಪರ್ 950ನೇ ಪುಟದಿಂದ 952, ಮೂರೇ ಪುಟ, ಇಬ್ಬರೇ ಲೇಖಕರು. ಟೊಮೆಟೊ ಹಣ್ಣು ಮಾಗೋಕೆ ಬೇಕಾದ ಎಥಿಲೀನ್ ತಯಾರಿಸೋ ಜೀನ್ ಸೈಲೆನ್ಸ್ ಆಗಿರೋ ಗಿಡ, ಆಗದೇ ಇರೋ ಗಿಡ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರು. ಸೈಲೆನ್ಸ್ ಆಗಿರೋದರಲ್ಲಿ ಮಾತ್ರ ಸುಮಾರು 25 ನ್ಯೂಕ್ಲಿಯೊಟೈಡ್ (ಆರ್‌ಎನ್‌ಎ ಸರಪಳಿಯ ಒಂದೊಂದು ಕೊಂಡಿ) ಉದ್ದದ ಆಂಟಿಸೆನ್ಸ್, ಅಂದ್ರೆ ಜೀನ್‌ನ ಆರ್‌ಎನ್‌ಎಗೆ ಜೋಡಿಯಾಗಿ ಹೊಂದೋ ಆರ್‌ಎನ್‌ಎ ಬ್ಯಾಂಡ್ ಇದೆ, ಇನ್ನೊಂದರಲ್ಲಿ ಇಲ್ಲ. ತಂಬಾಕಿನಲ್ಲಿ ಬೇರೆ ಜೀನ್ ಇಟ್ಟು ನೋಡಿದ್ರೂ ಅದೇ, ಜಿಎಫ್‌ಪಿ ಗಿಡದಲ್ಲೂ ಅದೇ. ಕೊನೇಲಿ ಯಾವ ಹೊರಗಿನ ಜೀನೂ ಇಲ್ಲದ ಮಾಮೂಲಿ ಗಿಡಕ್ಕೆ ಪಿವಿಎಕ್ಸ್ ವೈರಸ್ ಹಚ್ಚಿದಾಗಲೂ ವೈರಸ್‌ನ ಸೀಕ್ವೆನ್ಸ್ ಇರೋ ಅದೇ ಸೈಜಿನ ಆರ್‌ಎನ್‌ಎ ಬಂತು. ನನ್ನ ಪ್ರಕಾರ ಪೇಪರ್‌ನ ಜೀವ ಈ ಕೊನೇ ಪ್ರಯೋಗದಲ್ಲಿದೆ, ಯಾಕಂದ್ರೆ ಇದು ಲ್ಯಾಬಲ್ಲಿ ಜೀನ್ ಹಾಕಿದ್ದಕ್ಕೆ ಆದ ಎಡವಟ್ಟಲ್ಲ, ಗಿಡಕ್ಕೆ ಹುಟ್ಟಿನಿಂದಲೇ ಇರೋ ವೈರಸ್ ಕಾವಲು ಅಂತ ಅಲ್ಲಿ ಖಾತ್ರಿ ಆಗುತ್ತೆ. ಪೊಲೀಸ್ ಸ್ಟೇಷನ್‌ನಲ್ಲಿ ಕಳ್ಳನ ಫೋಟೋ ಅಂಟಿಸಿರ್ತಾರಲ್ಲ, ಹಾಗೆ ಗಿಡ ವೈರಸ್‌ನ ಆರ್‌ಎನ್‌ಎನ ಚಿಕ್ಕ ತುಂಡು ಮಾಡಿ ಇಟ್ಕೊಂಡು, ಅದಕ್ಕೆ ಹೊಂದೋ ಆರ್‌ಎನ್‌ಎ ಎಲ್ಲಿ ಸಿಕ್ಕರೂ ಕತ್ತರಿಸುತ್ತೆ. ಆಮೇಲೆ 2002ರಲ್ಲಿ ಇದೇ ಲ್ಯಾಬಿನವರು ಗಿಡದಲ್ಲಿ ಇವು ಎರಡು ಸೈಜಲ್ಲಿವೆ, ಚಿಕ್ಕದು 21-22, ದೊಡ್ಡದು 24ರ ಆಸುಪಾಸು ಅಂತ ಸರಿಯಾಗಿ ಬಿಡಿಸಿ ಹೇಳಿದ್ರು.

ಇನ್ನು ಸೈಟೇಶನ್ ವಿಷಯಕ್ಕೆ ಬರ್ತೀನಿ. ಈ ಮೂರು ಪುಟವನ್ನ ಸಾವಿರಾರು ಪೇಪರ್‌ಗಳು ಸೈಟ್ ಮಾಡಿವೆ, ಗಿಡದವರಷ್ಟೇ ಅಲ್ಲ, ನೊಣ, ಹುಳು, ಇಲಿ, ಮನುಷ್ಯನ ಕಾಯಿಲೆ ಮೇಲೆ ಕೆಲಸ ಮಾಡೋರೂ. 1998ರ ಫೆಬ್ರವರಿಲಿ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲೊ ತಂಡ ಸಿ. ಎಲೆಗನ್ಸ್ ಹುಳುವಿನಲ್ಲಿ ಜೋಡಿ ಎಳೆಯ ಆರ್‌ಎನ್‌ಎ ಹಾಕಿದ್ರೆ ಜೀನ್ ಸುಮ್ಮನಾಗುತ್ತೆ ಅಂತ ನೇಚರ್‌ನಲ್ಲಿ ಬರೆದಿದ್ರು. ಒಳಗೆ ಕೆಲಸ ಮಾಡೋ ಚಿಕ್ಕ ಆರ್‌ಎನ್‌ಎ ಸಿಕ್ಕಿದ್ದು ಮರುವರ್ಷ, ಗಿಡದಲ್ಲಿ. ಅದಾದ ಮೇಲೆ 2000ದಲ್ಲಿ ನೊಣದ ಜೀವಕೋಶದ ಸಾರದಲ್ಲಿ 21-23 ನ್ಯೂಕ್ಲಿಯೊಟೈಡ್ ತುಂಡುಗಳನ್ನ ತೋರಿಸಿದ್ರು, 2001ರಲ್ಲಿ ಜರ್ಮನಿಯ ಥಾಮಸ್ ಟುಶಲ್ ಲ್ಯಾಬಿನವರು 21 ನ್ಯೂಕ್ಲಿಯೊಟೈಡಿನ ಆರ್‌ಎನ್‌ಎನ ಸಿಂಥೆಸೈಜ್ ಮಾಡಿ ಮನುಷ್ಯನ ಜೀವಕೋಶಕ್ಕೆ ಹಾಕಿ ಜೀನ್ ಆಫ್ ಮಾಡಿದ್ರು, 2018ರಲ್ಲಿ ಇದೇ ತತ್ವದ ಮೇಲೆ ಮೊದಲ ಔಷಧ ಪ್ಯಾಟಿಸಿರಾನ್‌ಗೆ ಅಮೆರಿಕದ ಎಫ್‌ಡಿಎ ಒಪ್ಪಿಗೆ ಸಿಕ್ತು. ಟೊಮೆಟೊ ಎಲೆಯಿಂದ ಹೊರಟಿದ್ದು ಆಸ್ಪತ್ರೆಗೆ ಹೋಗಿ ಮುಟ್ಟೋಕೆ 19 ವರ್ಷ.

2006ರಲ್ಲಿ ನೊಬೆಲ್ ಬಂತು, ಫೈರ್ ಮತ್ತು ಮೆಲೊಗೆ. ನೊಬೆಲ್‌ನ ಮೂರು ಜನಕ್ಕೆ ಹಂಚಬಹುದು, ಅವತ್ತು ಹಂಚಿದ್ದು ಇಬ್ಬರಿಗೆ. ಮೂರನೇ ಜಾಗ ಖಾಲಿ ಇತ್ತು! ಗಿಡದವರು ಸುಮ್ಮನಿರಲಿಲ್ಲ, ಅದೇ ವರ್ಷ ನೇಚರ್‌ಗೆ ಪತ್ರ ಬರೆದು ಗಿಡಗಳಲ್ಲಿ ನಡೆದ ಅಡಿಪಾಯದ ಕೆಲಸವನ್ನ ಬಿಟ್ಟಿದ್ದೀರಿ ಅಂತ ಹೇಳಿದ್ರು. 2008ರಲ್ಲಿ ಲಾಸ್ಕರ್ ಪ್ರಶಸ್ತಿ ಮೂವರಿಗೆ ಬಂತು, ವಿಕ್ಟರ್ ಆಂಬ್ರೋಸ್, ಗ್ಯಾರಿ ರುವ್ಕುನ್, ಡೇವಿಡ್ ಬಾಲ್‌ಕೋಂಬ್. 2024ರಲ್ಲಿ ಆಂಬ್ರೋಸ್ ಮತ್ತು ರುವ್ಕುನ್‌ಗೆ ನೊಬೆಲ್ ಬಂತು, ಮತ್ತೆ ಇಬ್ಬರಿಗೇ, ಮತ್ತೆ ಮೂರನೇ ಜಾಗ ಖಾಲಿ. 2024ರದ್ದನ್ನ ನಾನು ಒಪ್ತೀನಿ, ಅದು ಮೈಕ್ರೋ ಆರ್‌ಎನ್‌ಎ (ಜೀವಿ ತನ್ನದೇ ಜೀನ್‌ಗಳನ್ನ ಹತೋಟಿಯಲ್ಲಿಡೋಕೆ ಬಳಸೋ ಚಿಕ್ಕ ಆರ್‌ಎನ್‌ಎ) ಕಂಡುಹಿಡಿದಿದ್ದಕ್ಕೆ ಕೊಟ್ಟಿದ್ದು, ಅದು ಅವರಿಬ್ಬರ ಕೆಲಸವೇ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ 2006ರದ್ದು ಅನ್ಯಾಯ ಅಂತ ನನ್ನ ಗಟ್ಟಿ ಅಭಿಪ್ರಾಯ. ಹಾಗಂತ ಅವರಿಗೆ ಗೌರವ ಸಿಗಲಿಲ್ಲ ಅಂತಲ್ಲ, 2009ರಲ್ಲಿ ಸರ್ ಪದವಿ, 2010ರಲ್ಲಿ ಕೃಷಿ ವಿಭಾಗದ ವುಲ್ಫ್ ಪ್ರಶಸ್ತಿ, 2012ರಲ್ಲಿ ಬಾಲ್ಜಾನ್, 2014ರಲ್ಲಿ ಗ್ರೂಬರ್, ಎಲ್ಲ ಬಂದಿದೆ.

ಸೈಟೇಶನ್ ಲೆಕ್ಕ ಎಡವೋದು ಇಲ್ಲೇ. ಒಬ್ಬರು ಇಂಟ್ರೊಡಕ್ಷನ್‌ನ ಮೊದಲ ಪ್ಯಾರಾದಲ್ಲಿ "ಚಿಕ್ಕ ಆರ್‌ಎನ್‌ಎ ಮೊದಲು ಗಿಡಗಳಲ್ಲಿ ಕಂಡುಬಂತು" ಅಂತ ಬರೆದು ಪದ್ಧತಿ ಪ್ರಕಾರ 1999ರ ಪೇಪರ್ ಹಾಕ್ತಾರೆ, ಅದೂ ಒಂದು ಸೈಟೇಶನ್. ಇನ್ನೊಬ್ಬರು ಅದರ ಪ್ರೋಟೋಕಾಲ್ ಹಿಡಿದು ತಮ್ಮ ಬೆಳೆಯಲ್ಲಿ ಅದೇ ಬ್ಯಾಂಡ್ ಹುಡುಕಿ ಅದರ ಮೇಲೆ ಇಡೀ ಥೀಸಿಸ್ ಕಟ್ತಾರೆ, ಅದೂ ಒಂದೇ ಸೈಟೇಶನ್. ಮೂರನೆಯವರು ಈ ಐಡಿಯಾನ ದಿನಾ ಬಳಸ್ತಾರೆ, ಆದ್ರೆ ಅದು ಎಲ್ಲರಿಗೂ ಗೊತ್ತಿರೋದೇ ಆಗಿಹೋಗಿರೋದ್ರಿಂದ ಮೂಲ ಪೇಪರ್ ಹಾಕೋದೇ ಇಲ್ಲ, ಯಾವುದೋ ಇತ್ತೀಚಿನ ರಿವ್ಯೂ ಹಾಕ್ತಾರೆ, ಅದು ಸೊನ್ನೆ. ಬಾಲ್‌ಕೋಂಬ್ ಅವರೇ 2004ರಲ್ಲಿ ನೇಚರ್‌ಗೆ ಗಿಡಗಳಲ್ಲಿ ಆರ್‌ಎನ್‌ಎ ಸೈಲೆನ್ಸಿಂಗ್ ಬಗ್ಗೆ ಬರೆದ ರಿವ್ಯೂನೂ ಸಾವಿರಾರು ಸಲ ಸೈಟ್ ಆಗಿದೆ, ಅದರಲ್ಲಿ ಎಷ್ಟೋ ಪಾಲು 1997 ಮತ್ತು 1999ರ ಪೇಪರ್‌ಗಳಿಗೆ ಸೇರಬೇಕಾದದ್ದು ಅಂತ ನನಗನ್ನಿಸುತ್ತೆ.

ನಮ್ಮ ಲ್ಯಾಬ್‌ಗಳಲ್ಲಿ ಇವರ ಹೆಸರು ನಿಜವಾಗಿ ಓಡಾಡೋದು ವಿಐಜಿಎಸ್ (ವೈರಸ್ ಬಳಸಿ ಜೀನ್ ಸುಮ್ಮನಾಗಿಸೋದು) ಅನ್ನೋ ಟೆಕ್ನಿಕ್ ಮೂಲಕ. 2001ರಲ್ಲಿ ಇವರ ಲ್ಯಾಬಿಂದ ಟೊಬ್ಯಾಕೊ ರ‍್ಯಾಟಲ್ ವೈರಸ್ ಇಟ್ಕೊಂಡು ಮಾಡಿದ ವೆಕ್ಟರ್, ಅಂದ್ರೆ ಜೀನ್ ಹೊತ್ತೊಯ್ಯೋ ವಾಹಕ ಬಂತು. ಯಾವ ಜೀನ್ ಏನು ಕೆಲಸ ಮಾಡುತ್ತೆ ಅಂತ ತಿಳೀಬೇಕಾ, ಆ ಜೀನ್‌ನ ಒಂದು ಚೂರನ್ನ ವೈರಸ್‌ಗೆ ಸೇರಿಸಿ ಗಿಡಕ್ಕೆ ಹಾಕಿ, ಗಿಡ ವೈರಸ್ ವಿರುದ್ಧ ಹೋರಾಡ್ತಾ ತನ್ನ ಆ ಜೀನ್‌ನೂ ತಾನೇ ಆಫ್ ಮಾಡ್ಕೊಳ್ಳುತ್ತೆ. ನಾನು ಬೆಂಗಳೂರಲ್ಲಿ ಪಿಎಚ್‌ಡಿ ಮಾಡೋವಾಗ ಇದೇ ನನ್ನ ದಿನದ ಕೆಲಸ ಆಗಿತ್ತು. ನಿಕೋಟಿಯಾನ ಬೆಂಥಾಮಿಯಾನ ಅಂತ ಆಸ್ಟ್ರೇಲಿಯಾ ಮೂಲದ ಪುಟ್ಟ ತಂಬಾಕು ಜಾತಿ, ವೈರಸ್ ಮೇಲೆ ಕೆಲಸ ಮಾಡೋ ಲ್ಯಾಬಲ್ಲೆಲ್ಲ ಇದು ಇದ್ದೇ ಇರುತ್ತೆ, ಅದರ ವೈರಸ್ ತಡೆಯೋ ಒಂದು ಜೀನ್ ಹುಟ್ಟಿನಿಂದಲೇ ಕೆಟ್ಟಿರೋದ್ರಿಂದ ತುಂಬಾ ಥರದ ವೈರಸ್‌ಗಳು ಸುಲಭವಾಗಿ ಹಿಡಿಯುತ್ತವೆ. ಈ ವೆಕ್ಟರ್‌ನ ಗಿಡದೊಳಗೆ ದಾಟಿಸೋ ಅಗ್ರೋಬ್ಯಾಕ್ಟೀರಿಯಂ ಅನ್ನೋ ಬ್ಯಾಕ್ಟೀರಿಯಾದ ಕಲ್ಚರ್‌ನ ಸೂಜಿ ಇಲ್ಲದ ಸಿರಿಂಜಿಗೆ ತುಂಬ್ಕೊಂಡು, ಎಲೆ ತಳಭಾಗಕ್ಕೆ ಒತ್ತಿ ಹಿಡಿದು, ಮೇಲ್ಗಡೆಯಿಂದ ಬೆರಳು ಕೊಟ್ಟು ನಿಧಾನಕ್ಕೆ ತಳ್ಳಬೇಕು, ಆಗ ಎಲೆಯೊಳಗೆ ಒದ್ದೆ ಕಲೆ ನರಗಳ ಮಧ್ಯೆ ಹರಡೋದು ಕಾಣುತ್ತೆ. ಜೋರಾಗಿ ಒತ್ತಿದ್ರೆ ಎಲೆ ಹರಿಯುತ್ತೆ, ಮೆಲ್ಲಗೆ ಒತ್ತಿದ್ರೆ ಎಲ್ಲ ಹೊರಗೆ ಚೆಲ್ಲುತ್ತೆ. ಪಿಡಿಎಸ್ ಅನ್ನೋ ಜೀನ್‌ನ ಚೂರು ಹಾಕಿದ್ರೆ ಎರಡು ಮೂರು ವಾರಕ್ಕೆ ಮೇಲಿನ ಹೊಸ ಎಲೆ ಅಚ್ಚ ಬಿಳಿ ಬರುತ್ತೆ, ಯಾಕಂದ್ರೆ ಕ್ಲೋರೋಫಿಲ್‌ನ ಬಿಸಿಲಿಂದ ಕಾಪಾಡೋ ಕ್ಯಾರೋಟಿನಾಯ್ಡ್ ತಯಾರಾಗೋದು ನಿಂತುಹೋಗಿರುತ್ತೆ. ಅದನ್ನ ಮೊದಲ ಸಲ ಕಂಡಾಗ ಆದ ಖುಷಿ ಹೇಳೋಕಾಗಲ್ಲ.

ಇಂಥ ಮೆಥಡ್ ಪೇಪರ್‌ಗಳಿಗೆ ಸೈಟೇಶನ್ ಧಾರಾಳವಾಗಿ ಬರುತ್ತೆ. ಇದು ಗಿಡದ ಫೀಲ್ಡಿಗಷ್ಟೇ ಅಲ್ಲ, 2014ರಲ್ಲಿ ನೇಚರ್‌ನವರು ಎಲ್ಲಾ ವಿಜ್ಞಾನ ಸೇರಿಸಿ ಅತಿ ಹೆಚ್ಚು ಸೈಟ್ ಆದ 100 ಪೇಪರ್‌ಗಳ ಪಟ್ಟಿ ಮಾಡಿದಾಗ ಮೊದಲ ಸ್ಥಾನ ಪ್ರೋಟೀನ್ ಅಳತೆಯ 1951ರ ಲೌರಿ ಪೇಪರ್‌ಗೆ, 3 ಲಕ್ಷಕ್ಕೂ ಮೇಲೆ. ಎರಡು, ಮೂರನೇ ಸ್ಥಾನವೂ ಪ್ರೋಟೀನ್ ಮೆಥಡ್‌ಗಳೇ. ನಮ್ಮ ಕಡೆ ಹೇಳೋದಾದ್ರೆ 1962ರ ಮುರಾಶಿಗೆ ಮತ್ತು ಸ್ಕೂಗ್ ಪೇಪರ್, ತಂಬಾಕು ಅಂಗಾಂಶ ಬೆಳೆಸೋಕೆ ಸರಿಯಾದ ಮೀಡಿಯಂ ಹುಡುಕಿದ್ದು, ಅದನ್ನೇ ನಾವು ಎಂಎಸ್ ಮೀಡಿಯಾ ಅಂತೀವಿ. ಇವತ್ತು ನಮ್ಮ ರೈತರು ಹಾಕೋ ಜಿ9 ಟಿಶ್ಯೂ ಕಲ್ಚರ್ ಬಾಳೆ ಸಸಿ ಬಾಟಲಿಯಲ್ಲಿ ಬೆಳೆಯೋದೂ ಈ ಮೀಡಿಯಾದಲ್ಲೇ, ಅಥವಾ ಅದನ್ನೇ ಅಲ್ಪಸ್ವಲ್ಪ ಬದಲಾಯಿಸಿದ್ದರಲ್ಲಿ. ಆ ಬಾಳೆ ತೋಟಗಳು ಯಾವ ಸೈಟೇಶನ್ ಲೆಕ್ಕಕ್ಕೂ ಬರಲ್ಲ.

ಎಚ್-ಇಂಡೆಕ್ಸ್‌ದೂ ಒಂದು ಮಾತು. 2005ರಲ್ಲಿ ಫಿಸಿಕ್ಸ್‌ನ ಹೋರ್ಹೆ ಹಿರ್ಶ್ ಹೇಳಿದ್ದು, 40 ಪೇಪರ್‌ಗೆ ತಲಾ 40 ಅಥವಾ ಹೆಚ್ಚು ಸೈಟೇಶನ್ ಇದ್ರೆ ಎಚ್ 40. ಇದರಲ್ಲಿ ಒಂದೇ ಪೇಪರ್ 40 ಸಲ ಸೈಟ್ ಆಗಿದ್ರೂ ಒಂದೇ, 4,000 ಸಲ ಆಗಿದ್ರೂ ಒಂದೇ, ಅಂದ್ರೆ 1999ರಂಥ ಪೇಪರ್ ಈ ಲೆಕ್ಕದಲ್ಲಿ ಎದ್ದು ಕಾಣೋದೇ ಇಲ್ಲ. ಇನ್ನು ಕ್ಯಾನ್ಸರ್ ಫೀಲ್ಡಲ್ಲಿರೋರನ್ನೂ ತೊಗರಿ ವೈರಸ್ ಮೇಲೆ ಕೆಲಸ ಮಾಡೋರನ್ನೂ ಒಂದೇ ತಕ್ಕಡೀಲಿ ತೂಗೋದಂತೂ ಯಾವ ನ್ಯಾಯವೂ ಅಲ್ಲ, ಅಲ್ಲಿ ಬರೆಯೋ ಜನವೇ ಜಾಸ್ತಿ, ಅದಕ್ಕೆ ಸೈಟ್ ಮಾಡೋ ಜನವೂ ಜಾಸ್ತಿ. ನಮ್ಮ ಕೃಷಿ ವಿವಿಗಳ ಕಡೆ ಇದರ ಜೊತೆ ಜರ್ನಲ್‌ನ ನಾಸ್ ರೇಟಿಂಗ್ (ರಾಷ್ಟ್ರೀಯ ಕೃಷಿ ವಿಜ್ಞಾನ ಅಕಾಡೆಮಿ ಜರ್ನಲ್‌ಗಳಿಗೆ ಕೊಡೋ ಅಂಕ) ಕೂಡ ಸೇರ್ಕೊಳ್ಳುತ್ತೆ. ನಾನು ಹೋಗಿದ್ದ ಒಂದು ಇಂಟರ್‌ವ್ಯೂನಲ್ಲಿ ಪ್ಯಾನೆಲ್‌ನವರು ನನ್ನ ಪೇಪರ್‌ಗಳ ಬಗ್ಗೆ ಒಂದು ಪ್ರಶ್ನೆನೂ ಕೇಳದೆ ರೇಟಿಂಗ್ ಕೂಡಿಸಿ ಕಳಿಸಿದ್ರು. ಪೇಪರ್ ಚೆನ್ನಾಗಿಲ್ಲ ಅಂದಿದ್ರೆ ಒಪ್ಕೋತಿದ್ದೆ, ಓದಲೇ ಇಲ್ವಲ್ಲ ಅನ್ನೋದೇ ನನ್ನ ಬೇಸರ.

ಈ ಕೆಲಸದ ನಿಜವಾದ ಬೆಲೆ ನಮ್ಮ ಹೊಲಗಳಲ್ಲಿ ಗೊತ್ತಾಗಬೇಕು. ಪಪ್ಪಾಯ ಬೆಳೆದಿರೋರಿಗೆ ರಿಂಗ್‌ಸ್ಪಾಟ್ ವೈರಸ್ ಏನು ಮಾಡುತ್ತೆ ಅಂತ ನಾನು ಹೇಳಬೇಕಿಲ್ಲ, ಎಲೆ ಸುಕ್ಕಾಗಿ ಕಾಯಿ ಮೇಲೆ ಉಂಗುರ ಬಂದ ತೋಟ ಕಿತ್ತು ಹಾಕೋದೇ ದಾರಿ. ಹವಾಯಿಯಲ್ಲಿ ಇದೇ ವೈರಸ್ ಬಂದಾಗ ಡೆನಿಸ್ ಗೊನ್ಸಾಲ್ವಿಸ್ ತಂಡ ವೈರಸ್‌ನ ಕೋಟ್ ಪ್ರೋಟೀನ್ ಜೀನ್ ಹಾಕಿದ ರೇನ್‌ಬೋ ಪಪ್ಪಾಯ ಮಾಡಿ 1998ರಲ್ಲಿ ರೈತರಿಗೆ ಕೊಟ್ಟರು, ಅಲ್ಲಿನ ಬೆಳೆ ಉಳೀತು. ಅದು ಯಾಕೆ ಕೆಲಸ ಮಾಡ್ತಿದೆ ಅನ್ನೋದಕ್ಕೆ ಉತ್ತರ ಇದೇ ಆರ್‌ಎನ್‌ಎ ಸೈಲೆನ್ಸಿಂಗ್. ನಮ್ಮ ಕೋಲಾರದ ಕಡೆ ಟೊಮೆಟೊಗೆ ಬರೋ ಎಲೆ ಮುಟುರು ರೋಗದ ವೈರಸ್‌ಗೂ ಗಿಡ ಇದೇ ಆಯುಧ ಬಳಸುತ್ತೆ, ಆದ್ರೆ ವೈರಸ್ಸೂ ಸುಮ್ಮನಿರಲ್ಲ, ಸೈಲೆನ್ಸಿಂಗ್‌ನ ತಡೆಯೋ ಪ್ರೋಟೀನ್‌ಗಳನ್ನ ತಾನೂ ತಯಾರು ಮಾಡುತ್ತೆ. ಯಾರ ಕೈ ಮೇಲಾಗುತ್ತೆ ಅನ್ನೋದರ ಮೇಲೆ ಬೆಳೆ ನಿಂತಿದೆ. ಈಗ ಜೀನ್ ಬದಲಾಯಿಸದೆ ಬರೀ ಜೋಡಿ ಎಳೆ ಆರ್‌ಎನ್‌ಎನ ಸ್ಪ್ರೇ ಮಾಡೋ ದಾರಿಯೂ ಶುರುವಾಗಿದೆ, 2023ರ ಡಿಸೆಂಬರ್‌ನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಲೆಡ್‌ಪ್ರೋನಾ ಅನ್ನೋ ಸ್ಪ್ರೇಗೆ ಅನುಮತಿ ಕೊಟ್ಟಿತು, ಅದು ಆಲೂಗಡ್ಡೆ ತಿನ್ನೋ ಕೊಲೊರಾಡೊ ದುಂಬಿಗೆ.

ಈ ಫೀಲ್ಡಿಗೆ ಹೊಸದಾಗಿ ಬರ್ತಿರೋ ಹುಡುಗ ಹುಡುಗೀರು ರಿವ್ಯೂ ಬಿಟ್ಟು ಮೊದಲು 1997ರ ಎರಡು ಪೇಪರ್ ಓದಿ, ಆಮೇಲೆ 1999ರದ್ದು, ಅದರಲ್ಲೂ ಟೊಮೆಟೊ ಬ್ಲಾಟ್ ಮತ್ತು ಪಿವಿಎಕ್ಸ್ ಬ್ಲಾಟ್ ಎರಡನ್ನೂ ಲೇನ್ ಲೇನ್ ನೋಡಿ, ಕಂಟ್ರೋಲ್ ಎಲ್ಲಿಟ್ಟಿದ್ದಾರೆ ಅಂತ ಗಮನಿಸಿ. ಆಮೇಲೆ ಗೂಗಲ್ ಸ್ಕಾಲರ್‌ನಲ್ಲಿ ಆ ಪೇಪರ್ ಕೆಳಗೆ ಅದನ್ನ ಸೈಟ್ ಮಾಡಿದೋರ ಲಿಂಕ್ ಇರುತ್ತಲ್ಲ, ಅದನ್ನ ಒತ್ತಿ, ಅಷ್ಟರೊಳಗೇ ಹುಡುಕೋ ಆಪ್ಶನ್ ಟಿಕ್ ಮಾಡಿ, ಪಪ್ಪಾಯ, ತೊಗರಿ, ಟೊಮೆಟೊ ಎಲೆ ಮುಟುರು ಅಂತ ಇಂಗ್ಲಿಷಲ್ಲಿ ಒಂದೊಂದೇ ಹಾಕಿ ನೋಡಿ. ಸಿಗೋ ಪೇಪರ್‌ಗಳಲ್ಲಿ ಇಂಟ್ರೊಡಕ್ಷನ್ ಬಿಟ್ಟು ರಿಸಲ್ಟ್ಸ್ ಮತ್ತು ಮೆಥಡ್ಸ್‌ನಲ್ಲಿ ಇವರನ್ನ ಎಲ್ಲಿ ಸೈಟ್ ಮಾಡಿದ್ದಾರೋ ಅದನ್ನ ಮಾತ್ರ ಬರೆದಿಟ್ಕೊಳ್ಳಿ. ಧಾರವಾಡ, ರಾಯಚೂರು, ಜಿಕೆವಿಕೆ ಕಡೆ ನಮ್ಮ ಬೆಳೆಗಳ ಮೇಲೆ ಇಂಥ ಕೆಲಸ ಮಾಡ್ತಿರೋರು ಯಾರಾದ್ರೂ ಇದನ್ನ ಓದ್ತಿದ್ರೆ ನನಗೆ ಬರೀರಿ, ನಿಮ್ಮ ಪೇಪರ್‌ನ ಶುರುವಿಂದ ಕೊನೇವರೆಗೂ ಓದ್ತೀನಿ.